ಟ್ಯೂಟರ್ ಹೊಣೆ ಹೆಗಲಿಗೆ ಬಂದಾಗ: ವಿಶ್ವವಿದ್ಯಾಲಯದ ಸಿಬ್ಬಂದಿಗೊಂದು ಸಮಗ್ರ ಮಾರ್ಗದರ್ಶಿ

ವರ್ಷದ ಆರಂಭದಲ್ಲಿ ವಿಭಾಗದಿಂದ ಒಂದು ಪಟ್ಟಿ ಬರುತ್ತದೆ. ಇಪ್ಪತ್ತೋ ಇಪ್ಪತ್ತೈದೋ ಹೆಸರು, ನೋಂದಣಿ ಸಂಖ್ಯೆ, ಕೆಳಗೊಂದು ಸಾಲು: ಈ ವಿದ್ಯಾರ್ಥಿಗಳಿಗೆ ನೀವೇ ಟ್ಯೂಟರ್. ತರಬೇತಿ ಅಂತ ಹಲವರಿಗೆ ಸಿಗುವುದು ಅಷ್ಟೇ. ಪಾಠ ಮಾಡುವುದು ಗೊತ್ತು, ಉತ್ತರಪತ್ರಿಕೆ ತಿದ್ದುವುದು ಗೊತ್ತು. ಎದುರಿಗೆ ಕೂತ ಹುಡುಗಿ "ನನಗೆ ಈ ಕೋರ್ಸೇ ಬೇಡ ಅನ್ನಿಸ್ತಿದೆ ಮೇಡಂ" ಅಂದುಬಿಟ್ಟರೆ ಮುಂದೇನು ಮಾತಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವಿದ್ಯಾರ್ಥಿಯನ್ನು ಗುರುತಿಟ್ಟುಕೊಳ್ಳಿ, ಬದಲಾವಣೆ ಕಂಡರೆ ಬಾಯಿಬಿಟ್ಟು ಕೇಳಿ, ಕೇಳಿದ ಮೇಲೆ ವಾರ ಬಿಟ್ಟು ಮತ್ತೆ ವಿಚಾರಿಸಿ. ಒಳ್ಳೆಯ ಮನಸ್ಸಿನ ಟ್ಯೂಟರ್‌ಗಳೂ ಎಡವುವುದು ಈ ಕೊನೆಯದರಲ್ಲೇ. ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಕೂತು ಕೇಳಿ, ಸಲಹೆ ಕೊಟ್ಟು, ಆಮೇಲೆ ಮರೆತುಬಿಡುವುದಕ್ಕಿಂತ, ಹತ್ತು ನಿಮಿಷ ಮಾತಾಡಿ ಮುಂದಿನ ವಾರ "ಏನಾಯ್ತು?" ಎಂದು ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ.

ಹಂತ 1: ನಿಮ್ಮ ಹೊಣೆ ಎಲ್ಲಿಯವರೆಗೆ ಎಂದು ತಿಳಿದುಕೊಳ್ಳಿ

ಆಕ್ಸ್‌ಫರ್ಡ್, ಕೇಂಬ್ರಿಜ್‌ನ ಹಳೆಯ ಕಾಲೇಜುಗಳಲ್ಲಿ ಟ್ಯೂಟರ್ ಎಂದರೆ ಒಂದು ಕಾಲಕ್ಕೆ ತಂದೆ ತಾಯಿಯ ಸ್ಥಾನದಲ್ಲಿದ್ದವರು. ವಿದ್ಯಾರ್ಥಿಯ ಓದಿನ ಜೊತೆಗೆ ನಡತೆಯ ಹೊಣೆಯೂ ಅವರದ್ದೇ ಆಗಿತ್ತು. ಇಂಗ್ಲೆಂಡಿನಲ್ಲಿ 1970ರ ಜನವರಿ 1ರಿಂದ ಪ್ರಾಪ್ತ ವಯಸ್ಸು 21ರಿಂದ 18ಕ್ಕೆ ಇಳಿದ ಮೇಲೆ ಆ ಲೆಕ್ಕಾಚಾರಕ್ಕೆ ಕಾನೂನಿನ ಆಧಾರವೇ ಉಳಿಯಲಿಲ್ಲ. ಇಂದು ನಿಮ್ಮೆದುರು ಕೂರುವವರು ವಯಸ್ಕರು. ಅವರ ಬದುಕಿನ ತೀರ್ಮಾನ ಅವರದ್ದು. ನೀವು ಪಾಲಕರಲ್ಲ, ಚಿಕಿತ್ಸಕರಲ್ಲ, ವಕೀಲರೂ ಅಲ್ಲ. ವಿಶ್ವವಿದ್ಯಾಲಯ ಎಂಬ ದೊಡ್ಡ ಯಂತ್ರದೊಳಗೆ ಹೆಸರು ಹಿಡಿದು ಕರೆಯಬಲ್ಲ ಒಬ್ಬ ಪರಿಚಿತ ವ್ಯಕ್ತಿ, ಅಷ್ಟೇ. ಆ ಅಷ್ಟೇ ಎನ್ನುವುದು ಸಣ್ಣದಲ್ಲ.

ಇನ್ನೊಂದು ಗೆರೆಯನ್ನೂ ಎಳೆದುಕೊಳ್ಳಬೇಕು. ಅಮೆರಿಕದ ಶಿಕ್ಷಣತಜ್ಞ ಬರ್ನ್ಸ್ ಕ್ರೂಕ್‌ಸ್ಟನ್ 1972ರಲ್ಲಿ ಎರಡು ಬಗೆಯ ಸಲಹೆಗಾರಿಕೆಯನ್ನು ಬೇರ್ಪಡಿಸಿ ತೋರಿಸಿದರು. ಒಂದು, ವೈದ್ಯರು ಚೀಟಿ ಬರೆದಂತೆ "ಇದನ್ನು ತಗೋ, ಅದನ್ನು ಬಿಡು" ಎನ್ನುವುದು. ಇನ್ನೊಂದು, ವಿದ್ಯಾರ್ಥಿ ತನ್ನ ದಾರಿಯನ್ನು ತಾನೇ ಯೋಚಿಸಿ ಹಿಡಿಯುವಂತೆ ಜೊತೆಗೆ ಕೂತು ಮಾತಾಡುವುದು. ಎರಡನೆಯದೇ ಶ್ರೇಷ್ಠ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪರೀಕ್ಷಾ ಶುಲ್ಕ ಕಟ್ಟಲು ನಾಳೆಯೇ ಕೊನೆಯ ದಿನ ಎಂದಾಗ ವಿದ್ಯಾರ್ಥಿಗೆ ಬೇಕಿರುವುದು ಆತ್ಮಾವಲೋಕನವಲ್ಲ, "ಈಗಲೇ ಹೋಗಿ ಕಟ್ಟು" ಎಂಬ ಮಾತು. ನಿಯಮ, ದಿನಾಂಕ, ಕ್ರೆಡಿಟ್ ವಿಷಯದಲ್ಲಿ ನೇರವಾಗಿ ಹೇಳಿ. ಕೋರ್ಸ್ ಬಿಡಲೋ ಬೇಡವೋ, ಯಾವ ಐಚ್ಛಿಕ ವಿಷಯ ತೆಗೆದುಕೊಳ್ಳಲಿ ಎಂಬಂಥವುಗಳಲ್ಲಿ ಪ್ರಶ್ನೆ ಕೇಳಿ, ಉತ್ತರ ಅವರಿಂದಲೇ ಬರಲಿ.

ಹಂತ 2: ಮೊದಲ ಭೇಟಿಗೆ ಮುಂಚೆ

ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಮೇಜಿನ ಮೇಲಿಟ್ಟುಕೊಳ್ಳಿ: ಆಪ್ತಸಮಾಲೋಚಕರು ಯಾರು, ಯಾವ ಹೊತ್ತಿನಲ್ಲಿ ಸಿಗುತ್ತಾರೆ, ಅಂಗವಿಕಲ ವಿದ್ಯಾರ್ಥಿಗಳ ನೆರವಿನ ಘಟಕ ಎಲ್ಲಿದೆ, ವಿದ್ಯಾರ್ಥಿವೇತನ ಮತ್ತು ಶುಲ್ಕದ ವಿಷಯಕ್ಕೆ ಯಾರನ್ನು ಕಾಣಬೇಕು, ಕಿರುಕುಳದ ದೂರು ಸ್ವೀಕರಿಸುವವರು ಯಾರು, ರಾತ್ರಿ ಹೊತ್ತು ತುರ್ತು ಬಂದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು. ಹುದ್ದೆಯ ಹೆಸರು ಸಾಲದು, ಆ ಹುದ್ದೆಯಲ್ಲಿ ಈಗ ಕೂತಿರುವವರ ಹೆಸರೂ ಬೇಕು. ಸಾಧ್ಯವಾದರೆ ಅವರನ್ನೊಮ್ಮೆ ಹೋಗಿ ಮಾತಾಡಿಸಿ ಬನ್ನಿ. ಮುಂದೆ ಯಾರನ್ನಾದರೂ ಅವರ ಬಳಿ ಕಳಿಸುವಾಗ "ನನಗೆ ಅವರು ಗೊತ್ತು, ಒಳ್ಳೆಯವರು" ಎಂದು ನಿಜವಾಗಿ ಹೇಳಬಹುದು.

ಹಾಗೆಯೇ ಪರೀಕ್ಷೆ ಮುಂದೂಡಿಕೆ, ಅಸೈನ್‌ಮೆಂಟ್ ಗಡುವು ವಿಸ್ತರಣೆ, ಕೋರ್ಸ್‌ಗೆ ತಾತ್ಕಾಲಿಕ ವಿರಾಮ, ಮರುಮೌಲ್ಯಮಾಪನ ಇವುಗಳ ನಿಯಮವನ್ನು ಒಮ್ಮೆ ಓದಿಡಿ. ಬಾಯಿಪಾಠ ಬೇಡ. ಎಲ್ಲಿ ಸಿಗುತ್ತದೆ ಎಂದು ಗೊತ್ತಿದ್ದರೆ ಸಾಕು, ವಿದ್ಯಾರ್ಥಿಯ ಎದುರೇ ತೆರೆದು ಓದಬಹುದು. ಹಾಗೆ ತೆರೆದು ಓದುವುದೇ ವಾಸಿ: ನೆನಪಿನಿಂದ ಹೇಳಿದ ನಿಯಮ ತಪ್ಪಾದರೆ ನಷ್ಟ ವಿದ್ಯಾರ್ಥಿಗೆ.

ಹಂತ 3: ಮೊದಲ ಭೇಟಿಯನ್ನು ನೀವೇ ಕರೆಯಿರಿ

"ಏನಾದರೂ ಸಮಸ್ಯೆ ಇದ್ದರೆ ಬನ್ನಿ" ಎಂದು ಹೇಳಿ ಕೂತರೆ ಸಮಸ್ಯೆ ಇರುವವರು ಬರುವುದಿಲ್ಲ. ಬರುವವರು ಧೈರ್ಯ ಇರುವವರು. ಮನೆಯಲ್ಲಿ ಯಾರಾದರೂ ವಿಶ್ವವಿದ್ಯಾಲಯ ನೋಡಿದವರು. ಅಧ್ಯಾಪಕರ ಕೋಣೆಯ ಬಾಗಿಲು ತಟ್ಟಿ ಅಭ್ಯಾಸ ಇರುವವರು. ಕುಟುಂಬದಲ್ಲೇ ಮೊದಲ ಬಾರಿಗೆ ಉನ್ನತ ಶಿಕ್ಷಣಕ್ಕೆ ಬಂದ ವಿದ್ಯಾರ್ಥಿಗೆ "ಬನ್ನಿ" ಎಂಬುದು ನಿಜವಾದ ಕರೆಯೋ ಬಾಯಿಮಾತೋ ತಿಳಿಯುವುದಿಲ್ಲ. ಅದಕ್ಕೇ ಸೆಮಿಸ್ಟರ್‌ನ ಮೊದಲ ಎರಡು ಮೂರು ವಾರದೊಳಗೆ ಪ್ರತಿಯೊಬ್ಬರಿಗೂ ದಿನ, ಹೊತ್ತು, ಕೋಣೆ ನಮೂದಿಸಿ ಕರೆ ಕಳಿಸಿ. ಎಲ್ಲರನ್ನೂ ಕರೆದಾಗ ಯಾರಿಗೂ "ನನ್ನನ್ನೇ ಯಾಕೆ ಕರೆದರು" ಎಂಬ ಅಳುಕು ಇರುವುದಿಲ್ಲ.

ಇಮೇಲ್ ಚಿಕ್ಕದಾಗಿರಲಿ. ಒಂದು ನಮೂನೆ:

"ನಮಸ್ಕಾರ. ಈ ವರ್ಷ ನಾನು ನಿಮ್ಮ ಟ್ಯೂಟರ್. ಬುಧವಾರ 11.20ಕ್ಕೆ ನನ್ನ ಕೋಣೆಯಲ್ಲಿ ಹದಿನೈದು ನಿಮಿಷ ಭೇಟಿಯಾಗೋಣ. ನನ್ನ ಗುಂಪಿನ ಎಲ್ಲರನ್ನೂ ಹೀಗೆ ಒಬ್ಬೊಬ್ಬರಾಗಿ ಕಾಣುತ್ತಿದ್ದೇನೆ. ಏನೂ ತಯಾರಿ ಬೇಡ, ಏನೂ ತರಬೇಕಿಲ್ಲ. ಆ ಹೊತ್ತಿಗೆ ತರಗತಿ ಇದ್ದರೆ ತಿಳಿಸಿ, ಬೇರೆ ಸಮಯ ಹುಡುಕೋಣ."

"ಏನೂ ತಯಾರಿ ಬೇಡ" ಎಂಬ ಸಾಲು ಬಿಡಬೇಡಿ. ಅಧ್ಯಾಪಕರು ಕರೆದರೆ ಪರೀಕ್ಷೆಯೇ ಇರಬೇಕು ಎಂದುಕೊಂಡು ಬರುವವರು ಬಹಳ ಮಂದಿ.

ಭೇಟಿಯಲ್ಲಿ ಬಾಗಿಲು ಸ್ವಲ್ಪ ತೆರೆದಿರಲಿ, ಕಂಪ್ಯೂಟರ್ ಪರದೆ ಪಕ್ಕಕ್ಕೆ ತಿರುಗಿರಲಿ, ಫೋನು ಮಗುಚಿಟ್ಟಿರಲಿ. ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಕೇಳಿ ಸರಿಮಾಡಿಕೊಳ್ಳಿ. "ಈ ಕೋರ್ಸಿಗೇ ಯಾಕೆ ಬಂದಿರಿ?" ಎಂಬ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ. "ಈ ವಾರ ಯಾವ ತರಗತಿ ಇಷ್ಟವಾಯ್ತು, ಯಾವುದು ತಲೆಗೆ ಹತ್ತಲಿಲ್ಲ?" ಎಂದು ಕೇಳಿದರೆ ಮಾತು ಬರುತ್ತದೆ. ಎಲ್ಲಿ ಉಳಿದುಕೊಂಡಿದ್ದಾರೆ, ಓಡಾಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಓದಿನ ಜೊತೆ ದುಡಿಮೆಯೂ ಇದೆಯೇ ಎಂಬುದನ್ನು ತಿಳಿದುಕೊಳ್ಳಿ. ಬೆಳಗಿನ ತರಗತಿಗೆ ಹಾಜರಾತಿ ಯಾಕೆ ಕಡಿಮೆ ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಇಲ್ಲೇ ಸಿಕ್ಕಿಬಿಡುತ್ತದೆ. ಜಾತಿ, ಧರ್ಮ, ಮನೆಯ ಆದಾಯ, ಮದುವೆ ಇವು ನೀವಾಗಿ ಕೆದಕುವ ವಿಷಯಗಳಲ್ಲ.

ಹೊರಡುವ ಮುಂಚೆ ಎರಡು ವಿಷಯ ಸ್ಪಷ್ಟವಾಗಲಿ: ನಿಮ್ಮನ್ನು ಸಂಪರ್ಕಿಸುವುದು ಹೇಗೆ, ಎಷ್ಟು ಹೊತ್ತಿನಲ್ಲಿ ಉತ್ತರ ನಿರೀಕ್ಷಿಸಬಹುದು. ಸ್ವಂತ ಮೊಬೈಲ್ ಸಂಖ್ಯೆ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆ. ಮಧ್ಯರಾತ್ರಿ ಬಂದ ಸಂದೇಶವನ್ನು ಬೆಳಿಗ್ಗೆ ನೋಡುವ ಟ್ಯೂಟರ್‌ಗಿಂತ, ಮಧ್ಯರಾತ್ರಿಯಲ್ಲೂ ಫೋನೆತ್ತುವ ಸಹಾಯವಾಣಿಯ ಸಂಖ್ಯೆ ಕೈಯಲ್ಲಿರುವುದು ವಿದ್ಯಾರ್ಥಿಗೆ ಕ್ಷೇಮ.

ಹಂತ 4: ಕೇಳುವುದನ್ನು ಅಭ್ಯಾಸ ಮಾಡಿ

ಅಧ್ಯಾಪಕರಿಗೆ ಇದೇ ಕಷ್ಟ. ನಮ್ಮ ವೃತ್ತಿಯೇ ಮಾತಾಡುವುದು. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ ಶಾಲೆಗಳ ತರಗತಿಗಳಲ್ಲಿ ಅಳೆದು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಟ್ಯೂಟರ್ ಕೋಣೆಯಲ್ಲಿ ಮೂರು ಸೆಕೆಂಡಿಗಿಂತಲೂ ಹೆಚ್ಚು ಬೇಕು.

ಒಂದು ಸಂಭಾಷಣೆ ಹೇಗೆ ಸಾಗಬಹುದು ನೋಡಿ.

"ಹೇಗಿದೆ ಈ ಸೆಮಿಸ್ಟರ್?"

"ಚೆನ್ನಾಗಿದೆ ಸರ್."

(ಸುಮ್ಮನಿರಿ.)

"ಅಂದ್ರೆ... ಸ್ಟ್ಯಾಟಿಸ್ಟಿಕ್ಸ್ ಬಿಟ್ರೆ ಉಳಿದದ್ದೆಲ್ಲ ಪರವಾಗಿಲ್ಲ."

"ಸ್ಟ್ಯಾಟಿಸ್ಟಿಕ್ಸ್ ಏನಾಗ್ತಿದೆ?"

"ಮೊದಲ ಎರಡು ವಾರ ಬರೋಕಾಗ್ಲಿಲ್ಲ. ಆಮೇಲೆ ಬಂದು ಕೂತ್ರೆ ಏನೂ ಅರ್ಥ ಆಗ್ತಿಲ್ಲ. ಕೇಳೋಕೆ ನಾಚಿಕೆ."

ಇಲ್ಲಿ ಟ್ಯೂಟರ್ "ಮೊದಲೇ ಬರಬೇಕಿತ್ತು" ಎಂದರೆ ಮಾತು ಅಲ್ಲಿಗೇ ನಿಂತಿತು. "ಆ ಎರಡು ವಾರ ಏನಾಗಿತ್ತು?" ಎಂದರೆ ಬಹುಶಃ ಆಸ್ಪತ್ರೆ, ಶುಲ್ಕದ ತೊಡಕು, ಮನೆಯಲ್ಲೊಂದು ಸಾವು ಹೊರಬರಬಹುದು. "ಹಾಗಾದರೆ ಆ ಎರಡು ವಾರದ ನೋಟ್ಸ್ ಯಾರ ಹತ್ತಿರ ಸಿಗುತ್ತೆ?" ಎಂದರೆ ಕೆಲಸ ಮುಂದಕ್ಕೆ ಸಾಗುತ್ತದೆ. ಈ ಎರಡನ್ನೂ ಕೇಳಬೇಕು, ಇದೇ ಕ್ರಮದಲ್ಲಿ.

ನಿಮ್ಮ ವಿದ್ಯಾರ್ಥಿದೆಸೆಯ ಕತೆಗಳನ್ನು ಹಿಡಿತದಲ್ಲಿಡಿ. "ನಮ್ಮ ಕಾಲದಲ್ಲಿ" ಎಂದು ಶುರುವಾಗುವ ವಾಕ್ಯವನ್ನು ಗಂಟಲಲ್ಲೇ ತಡೆಯಿರಿ.

ಹಂತ 5: ಓದಿನ ತೊಡಕನ್ನು ಬಿಡಿಸಿ ನೋಡಿ

ಅಂಕ ಕಡಿಮೆ ಬಂದವರಿಗೆ "ಚೆನ್ನಾಗಿ ಓದಿ" ಎಂದು ಹೇಳುವುದರಿಂದ ಏನೂ ಆಗದು. ಅವರ ಉತ್ತರಪತ್ರಿಕೆಯನ್ನೋ ಅಸೈನ್‌ಮೆಂಟನ್ನೋ ಎದುರಿಗಿಟ್ಟುಕೊಂಡು ಕೂತುಕೊಳ್ಳಿ. ಪ್ರಶ್ನೆಯೇ ಅರ್ಥವಾಗಿಲ್ಲವೇ, ವಿಷಯ ಗೊತ್ತಿಲ್ಲವೇ, ಗೊತ್ತಿದ್ದೂ ಬರೆಯಲು ಬರಲಿಲ್ಲವೇ, ಸಮಯ ಸಾಲಲಿಲ್ಲವೇ? ಮದ್ದು ಒಂದೊಂದಕ್ಕೂ ಬೇರೆ. ಮಾತೃಭಾಷೆಯಲ್ಲಿ ಓದಿ ಬಂದು ಈಗ ಬೇರೆ ಭಾಷೆಯಲ್ಲಿ ಬರೆಯಬೇಕಾದವರ ಮಟ್ಟಿಗೆ ಮೂರನೆಯದೇ ನಿಜವಾದ ಕಾರಣವಾಗಿರುವುದು ಹೆಚ್ಚು. ಅಂಕಪಟ್ಟಿಯಲ್ಲಿ ಮಾತ್ರ ಅದು ಎರಡನೆಯದರಂತೆ ಕಾಣುತ್ತದೆ. ಅದೇ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಲು ಬಿಡಿ, ತಮಗೆ ಬಂದ ಭಾಷೆಯಲ್ಲಿ. ವ್ಯತ್ಯಾಸ ಆಗಲೇ ತಿಳಿಯುತ್ತದೆ.

ಓದುವ ವಿಧಾನದ ಬಗ್ಗೆಯೂ ಕೇಳಿ. 2013ರಲ್ಲಿ ಮನಶ್ಶಾಸ್ತ್ರಜ್ಞರ ತಂಡವೊಂದು ವಿದ್ಯಾರ್ಥಿಗಳು ಬಳಸುವ ಹತ್ತು ಕಲಿಕಾ ವಿಧಾನಗಳನ್ನು ಆವರೆಗಿನ ಸಂಶೋಧನೆಗಳ ಬೆಳಕಿನಲ್ಲಿ ತೂಗಿ ನೋಡಿತು. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯುವುದು, ಓದಿದ್ದನ್ನೇ ಮತ್ತೆ ಓದುವುದು ಕೆಳಗಿನ ಸಾಲಿನಲ್ಲಿ ನಿಂತವು. ಪುಸ್ತಕ ಮುಚ್ಚಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ಹಲವು ದಿನಗಳಿಗೆ ಹರಡುವುದು ಇವೆರಡಕ್ಕೆ ಮಾತ್ರ ಮೇಲಿನ ಸ್ಥಾನ ಸಿಕ್ಕಿತು. ವಿಚಿತ್ರ ಎಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮಾಡುವುದು ಮೊದಲಿನ ಎರಡನ್ನೇ, ಅದೂ ಪರೀಕ್ಷೆಯ ಹಿಂದಿನ ರಾತ್ರಿ. ಉಪದೇಶ ಬೇಡ. ಒಂದು ಪಾಠ ಆರಿಸಿ, ಪುಸ್ತಕ ಮುಚ್ಚಿಸಿ, ನೆನಪಿರುವುದನ್ನು ನಿಮ್ಮೆದುರೇ ಐದು ನಿಮಿಷ ಬರೆಯಲು ಹೇಳಿ. ಎಲ್ಲಿ ತೂತಿದೆ ಎಂದು ಅವರಿಗೇ ಕಾಣುತ್ತದೆ.

ಭೇಟಿ ಮುಗಿಯುವಾಗ ಒಂದೇ ಒಂದು ಕೆಲಸ ಒಪ್ಪಿಕೊಳ್ಳಲಿ, ದಿನಾಂಕದ ಸಮೇತ. ಐದು ಸಲಹೆ ಹೊತ್ತು ಹೋದವರು ಐದನ್ನೂ ಮಾಡುವುದಿಲ್ಲ. ಆ ದಿನಾಂಕವನ್ನು ನಿಮ್ಮ ಕ್ಯಾಲೆಂಡರ್‌ನಲ್ಲೂ ಹಾಕಿಕೊಳ್ಳಿ, ಅಂದು ಒಂದು ಸಾಲು ಬರೆದು ಕೇಳಿ.

ಹಂತ 6: ಬದಲಾವಣೆಯ ಮೇಲೆ ಕಣ್ಣಿಡಿ

ಒಂದೇ ಒಂದು ಲಕ್ಷಣದಿಂದ ಏನನ್ನೂ ತೀರ್ಮಾನಿಸಲಾಗದು. ಮೊದಲಿನಿಂದಲೂ ಮಾತು ಕಡಿಮೆ ಇರುವ ಹುಡುಗ ಮೌನವಾಗಿದ್ದರೆ ಅದು ಅವನ ಸ್ವಭಾವ. ಮುಂದಿನ ಬೆಂಚಿನಲ್ಲಿ ಕೂತು ವಾದ ಹೂಡುತ್ತಿದ್ದವಳು ಹಿಂದಿನ ಸಾಲಿಗೆ ಹೋಗಿ ತಲೆ ತಗ್ಗಿಸಿ ಕೂತರೆ ವಿಚಾರಿಸಬೇಕು. ಹಾಜರಾತಿ ಏಕಾಏಕಿ ಕುಸಿಯುವುದು, ಆಂತರಿಕ ಪರೀಕ್ಷೆಗೆ ಗೈರು, ಇಮೇಲ್‌ಗೆ ಉತ್ತರ ನಿಲ್ಲುವುದು, ಗೆಳೆಯರ ಗುಂಪಿನಿಂದ ಬೇರೆಯಾಗುವುದು, ನಿದ್ದೆಗೆಟ್ಟ ಮುಖ, ಸಣ್ಣದಕ್ಕೂ ಕಣ್ಣೀರು ಅಥವಾ ಸಿಟ್ಟು. ಮೊದಲ ಭೇಟಿ ಯಾಕೆ ಬೇಕಿತ್ತು ಎಂಬುದು ಇಲ್ಲಿ ಗೊತ್ತಾಗುತ್ತದೆ: ಮೊದಲು ಹೇಗಿದ್ದರು ಎಂದು ತಿಳಿಯದೆ ಬದಲಾದರು ಎಂದು ಹೇಳುವುದು ಹೇಗೆ?

ಕೇಳುವಾಗ ಕಂಡದ್ದನ್ನಷ್ಟೇ ಹೇಳಿ. "ನೀವು ಖಿನ್ನತೆಯಲ್ಲಿದ್ದೀರಾ?" ಎಂಬುದು ರೋಗನಿರ್ಣಯ, ಅದು ನಿಮ್ಮ ಕೆಲಸವಲ್ಲ. "ಕಳೆದ ಮೂರು ವಾರದಿಂದ ಲ್ಯಾಬಿನಲ್ಲಿ ಕಾಣಿಸಲಿಲ್ಲ, ಹೇಗಿದ್ದೀರಿ ಅಂತ ಕೇಳೋಣ ಅನ್ನಿಸಿತು" ಎಂದರೆ ಸಾಕು.

ಹಂತ 7: ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ

ವಿದ್ಯಾರ್ಥಿಯ ಮಾತಿನಲ್ಲಿ "ನಾನಿಲ್ಲದಿದ್ದರೇ ಒಳ್ಳೇದು", "ಇನ್ನು ಸಾಕಾಗಿದೆ" ಎಂಬಂಥವು ಬಂದರೆ ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅಂತ ಅನ್ನಿಸುತ್ತಿದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಹಲವರಿಗಿದೆ. ಅದು ತಪ್ಪುನಂಬಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನೇರ ಪ್ರಶ್ನೆಯಿಂದ ಮನಸ್ಸಿನ ಭಾರ ಹೇಳಿಕೊಳ್ಳಲು ದಾರಿಯಾಗುತ್ತದೆ.

ಉತ್ತರ ಹೌದು ಎಂದಾದರೆ ಬೆಚ್ಚಬೇಡಿ, ಬೈಯಬೇಡಿ, "ಹೆತ್ತವರ ಮುಖ ನೋಡು" ಎಂದು ಪಾಪಪ್ರಜ್ಞೆ ಹೇರಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ನಿಮ್ಮ ಮುಂದಿನ ತರಗತಿ ರದ್ದಾಗಲಿ, ತೊಂದರೆಯಿಲ್ಲ. ಅವರ ಎದುರಲ್ಲೇ ಆಪ್ತಸಮಾಲೋಚಕರಿಗೆ ಕರೆ ಮಾಡಿ, ಜೊತೆಗೆ ನಡೆದು ಹೋಗಿ ತಲುಪಿಸಿ. ಯೋಜನೆ ಇದೆ, ಸಾಧನವೂ ಕೈಗೆಟಕುವಂತಿದೆ ಎಂದಾದರೆ ನೇರ ತುರ್ತು ವೈದ್ಯಕೀಯ ಸೇವೆಗೆ. "ಯಾರಿಗೂ ಹೇಳಬೇಡಿ" ಎಂದು ಬೇಡಿಕೊಂಡರೆ ಆ ಮಾತು ಕೊಡಲಾಗದು. "ಎಲ್ಲರಿಗೂ ಹೇಳಲ್ಲ. ಆದರೆ ನಿಮ್ಮ ಜೀವ ಉಳಿಸಬಲ್ಲ ಒಬ್ಬರಿಗೆ ಹೇಳಲೇಬೇಕು, ಅದು ಯಾರಿಗೆ ಅಂತ ಇಬ್ಬರೂ ಸೇರಿ ತೀರ್ಮಾನಿಸೋಣ" ಎನ್ನಿ. ಅದೇ ದಿನ ವಿಭಾಗದ ಮುಖ್ಯಸ್ಥರಿಗೆ ಅಗತ್ಯವಿದ್ದಷ್ಟನ್ನು ಮಾತ್ರ ತಿಳಿಸಿ.

ಹಂತ 8: ಬೇರೆಯವರ ಬಳಿ ಕಳಿಸುವುದು

ಬಿಕ್ಕಟ್ಟಲ್ಲದ ಸಂದರ್ಭದಲ್ಲೂ ಹೆಚ್ಚಿನ ಸಮಸ್ಯೆಗಳು ನಿಮ್ಮಿಂದಾಚೆ ಹೋಗಬೇಕಾದವೇ. ಹಣದ ತೊಂದರೆ, ವಸತಿ, ಕಿರುಕುಳ, ಡಿಸ್ಲೆಕ್ಸಿಯಾ (ಓದು ಬರಹದ ಕಲಿಕಾ ತೊಡಕು), ಶೋಕ. ಚೀಟಿಯ ಮೇಲೆ ಫೋನ್ ಸಂಖ್ಯೆ ಬರೆದುಕೊಟ್ಟು ಕಳಿಸಿದರೆ ಆ ಚೀಟಿ ಜೇಬಿನಲ್ಲೇ ಉಳಿಯುವ ಸಂಭವ ಹೆಚ್ಚು. ಅಲ್ಲಿ ಏನಾಗುತ್ತದೆ ಎಂದು ವಿವರಿಸಿ: ಯಾರು ಕೂತಿರುತ್ತಾರೆ, ಏನು ಕೇಳುತ್ತಾರೆ, ಎಷ್ಟು ಹೊತ್ತು, ಯಾವ ಕಾಗದ ಒಯ್ಯಬೇಕು. ಒಪ್ಪಿದರೆ ಅಲ್ಲೇ ಕೂತು ಸಮಯ ನಿಗದಿ ಮಾಡಿಸಿ. ಅಂಗವೈಕಲ್ಯ ಇರುವವರಿಗೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೊಡುವುದು ಅಧ್ಯಾಪಕರ ದಯೆಯ ಪ್ರಶ್ನೆಯಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂಥವು ಸೂಕ್ತ ಹೊಂದಾಣಿಕೆ ಎಂಬುದನ್ನು ಕಾನೂನಿನ ಮಾತಾಗಿಸಿವೆ. ವಿದ್ಯಾರ್ಥಿಗೆ ಇದು ತಿಳಿದಿರುವುದಿಲ್ಲ, ನೀವು ಹೇಳಬೇಕು.

ಕಳಿಸಿದ ಮೇಲೆ ವಿಚಾರಿಸಿ. "ಅವರು ಏನು ಹೇಳಿದರು?" ಎಂದಲ್ಲ, ಅದು ಅವರಿಬ್ಬರ ನಡುವಿನದು. "ಹೋಗಲು ಆಯಿತಾ? ಅಲ್ಲಿಂದ ಬೇಕಾದದ್ದು ಸಿಕ್ಕಿತಾ?" ಇಷ್ಟೇ. ಸಿಗದಿದ್ದರೆ ಬೇರೆ ಬಾಗಿಲು ಹುಡುಕಬೇಕಲ್ಲ.

ಹಂತ 9: ಗುಟ್ಟು, ಟಿಪ್ಪಣಿ, ಹೆತ್ತವರ ಫೋನು

ಪ್ರತಿ ಭೇಟಿಯ ನಂತರ ಮೂರು ನಾಲ್ಕು ಸಾಲು ಬರೆದಿಡಿ: ದಿನಾಂಕ, ಮಾತಾಡಿದ ವಿಷಯ, ಒಪ್ಪಿಕೊಂಡ ಕೆಲಸ, ಮುಂದಿನ ಭೇಟಿ. ಆ ವಿದ್ಯಾರ್ಥಿಯೇ ನಾಳೆ ಓದಿದರೂ ನೀವು ತಲೆ ಎತ್ತಿ ನಿಲ್ಲುವಂತೆ ಬರೆಯಿರಿ. ಇದು ಬರೀ ಸೌಜನ್ಯದ ಮಾತಲ್ಲ. 2018ರ ಮೇ 25ರಂದು ಜಾರಿಗೆ ಬಂದ ಯುರೋಪಿನ ದತ್ತಾಂಶ ರಕ್ಷಣಾ ನಿಯಮದಡಿ ವ್ಯಕ್ತಿಗೆ ತನ್ನ ಬಗ್ಗೆ ಇಟ್ಟ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕಿದೆ. "ಸೋಮಾರಿ", "ನಾಟಕ ಮಾಡುತ್ತಾನೆ" ಎಂಬ ಪದಗಳಿಗೆ ಟಿಪ್ಪಣಿಯಲ್ಲಿ ಜಾಗವಿಲ್ಲ. "ಎರಡು ಭೇಟಿಗೆ ಬರಲಿಲ್ಲ" ಎಂಬುದಕ್ಕೆ ಇದೆ.

ಹೆತ್ತವರು ಫೋನ್ ಮಾಡಿ ಮಗಳ ಹಾಜರಾತಿ ಕೇಳಿದರೆ? ಅಮೆರಿಕದಲ್ಲಿ 1974ರ ಕಾನೂನೊಂದರ ಪ್ರಕಾರ, ವಿದ್ಯಾರ್ಥಿಗೆ 18 ತುಂಬಿದಾಗ ಅಥವಾ ಉನ್ನತ ಶಿಕ್ಷಣಕ್ಕೆ ಸೇರಿದಾಗ ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ಹೆತ್ತವರಿಂದ ವಿದ್ಯಾರ್ಥಿಗೆ ಹೋಗುತ್ತದೆ, ಕೆಲವು ವಿನಾಯಿತಿಗಳಿವೆ. ಬೇರೆ ದೇಶಗಳಲ್ಲಿ, ಬೇರೆ ವಿಶ್ವವಿದ್ಯಾಲಯಗಳಲ್ಲಿ ಪದ್ಧತಿ ಬೇರೆ. ನಿಮ್ಮಲ್ಲಿನ ನಿಯಮ ಮೊದಲೇ ತಿಳಿದುಕೊಳ್ಳಿ. ಏನೇ ಇದ್ದರೂ ಫೋನಿನಲ್ಲಿ ತಕ್ಷಣ ಉತ್ತರ ಕೊಡುವ ಅವಸರ ಬೇಡ. "ನಿಮ್ಮ ಆತಂಕ ಅರ್ಥವಾಗುತ್ತದೆ. ನೀವು ಕರೆ ಮಾಡಿದ್ದನ್ನು ಅವರಿಗೆ ತಿಳಿಸಿ, ನಿಮ್ಮೊಡನೆ ಮಾತಾಡಲು ಹೇಳುತ್ತೇನೆ" ಎಂದರೆ ಯಾರಿಗೂ ನೋವಾಗದು. ಹೇಳಿದ್ದನ್ನು ಮಾಡಿ ಕೂಡ.

ಹಂತ 10: ಕಷ್ಟದ ಮೂರು ಸಂದರ್ಭ

ಎಷ್ಟು ಕರೆದರೂ ಬಾರದವರು. ಎರಡು ಇಮೇಲ್ ಆದ ಮೇಲೆ ಮೂರನೆಯದನ್ನೂ ಅದೇ ಧಾಟಿಯಲ್ಲಿ ಬರೆಯಬೇಡಿ. ತರಗತಿ ಮುಗಿದಾಗ ಪಕ್ಕಕ್ಕೆ ಕರೆದು ಒಂದು ಮಾತು ಹೇಳಿ. ಅಲ್ಲೂ ಸಿಗದಿದ್ದರೆ ವಿಭಾಗದ ಕಚೇರಿಗೆ ಬರಹದಲ್ಲಿ ತಿಳಿಸಿ. ಕೆಲವರಿಗೆ ಟ್ಯೂಟರ್ ಬೇಕಾಗಿಯೇ ಇರುವುದಿಲ್ಲ, ಚೆನ್ನಾಗಿಯೇ ಇರುತ್ತಾರೆ. ಚೆನ್ನಾಗಿದ್ದಾರೆ ಎಂಬುದನ್ನು ಖಾತ್ರಿ ಮಾಡಿಕೊಂಡರೆ ಸಾಕು.

ದಿನಾ ಬರುವವರು. ಇವರನ್ನು ಸಾಗಹಾಕುವುದು ಕಷ್ಟ, ಯಾಕೆಂದರೆ ನಮಗೂ ಒಳಗೊಳಗೆ ಖುಷಿಯಾಗುತ್ತಿರುತ್ತದೆ. ಭೇಟಿಗೆ ಹೊತ್ತು ಕಟ್ಟಿ: ವಾರಕ್ಕೊಮ್ಮೆ, ಇಪ್ಪತ್ತು ನಿಮಿಷ. ನಡುವೆ ಬಂದರೆ "ಗುರುವಾರಕ್ಕೆ ಬರೆದಿಟ್ಟುಕೊಳ್ಳಿ" ಎನ್ನಿ. ನಿಮ್ಮೊಬ್ಬರ ಮೇಲೆ ನಿಂತ ವಿದ್ಯಾರ್ಥಿ ನೀವು ರಜೆ ಹಾಕಿದ ದಿನ ಕುಸಿಯುತ್ತಾರೆ.

ಸಹೋದ್ಯೋಗಿಯ ಮೇಲೆ ದೂರು. ಅಸಲಿ ಪರೀಕ್ಷೆ ಇದೇ. "ಅವರು ಅಂಥವರಲ್ಲ" ಎಂಬ ಮಾತು ಬಾಯಿಗೆ ಬರುತ್ತದೆ, ಅದನ್ನು ಹೊರಗೆ ಬಿಡಬೇಡಿ. ನೀವು ವಿಚಾರಣಾಧಿಕಾರಿಯಲ್ಲ, ಹೀಗಾಗಿ ನಿಜವೋ ಸುಳ್ಳೋ ತೀರ್ಮಾನಿಸುವ ಕೆಲಸ ನಿಮ್ಮದಲ್ಲ. ಸಹೋದ್ಯೋಗಿಯ ಕಿವಿಗೆ ಹಾಕುವುದಂತೂ ಬೇಡವೇ ಬೇಡ. ಅಂಕದ ತಕರಾರಾದರೆ ಮರುಮೌಲ್ಯಮಾಪನದ ದಾರಿ ತೋರಿಸಿ. ಕಿರುಕುಳವಾದರೆ ದೂರು ಸಮಿತಿ ಎಲ್ಲಿದೆ, ದೂರು ಕೊಟ್ಟರೆ ಮುಂದೇನು, ಕೊಡದೆಯೂ ಸಿಗುವ ನೆರವು ಯಾವುದು ಎಂದು ತಿಳಿಸಿ. ಇಂಥ ಮಾತು ಕಿವಿಗೆ ಬಿದ್ದರೆ ವರದಿ ಮಾಡಲೇಬೇಕು ಎಂಬ ನಿಯಮ ನಿಮ್ಮ ಸಂಸ್ಥೆಯಲ್ಲಿದ್ದರೆ, ವಿದ್ಯಾರ್ಥಿ ಪೂರ್ತಿ ಹೇಳುವ ಮುಂಚೆಯೇ ಅದನ್ನು ಅವರಿಗೆ ತಿಳಿಸಿಬಿಡಿ.

ಹಂತ 11: ವರ್ಷ ಮುಗಿಯುವಾಗ

ಶಿಫಾರಸು ಪತ್ರ ಕೇಳಿಕೊಂಡು ಬರುತ್ತಾರೆ. ಭೇಟಿಯ ಟಿಪ್ಪಣಿಗಳು ಆಗ ಎರಡನೇ ಸಲ ಉಪಯೋಗಕ್ಕೆ ಬರುತ್ತವೆ: "ಶ್ರದ್ಧಾವಂತ ವಿದ್ಯಾರ್ಥಿ" ಎಂಬ ಸವಕಲು ಮಾತಿನ ಬದಲು, ಮೊದಲ ಎರಡು ವಾರ ತಪ್ಪಿಸಿಕೊಂಡೂ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಹೇಗೆ ಸುಧಾರಿಸಿದರು ಎಂದು ಬರೆಯಬಹುದು. ಆರೋಗ್ಯ, ಕುಟುಂಬದ ವಿಷಯಗಳನ್ನು ಅವರ ಒಪ್ಪಿಗೆಯಿಲ್ಲದೆ ಪತ್ರದಲ್ಲಿ ಸೇರಿಸಬೇಡಿ, ಹೊಗಳಿಕೆಯ ನೆಪದಲ್ಲೂ ಬೇಡ. ಒಳ್ಳೆಯ ಪತ್ರ ಬರೆಯಲು ಮನಸ್ಸು ಒಪ್ಪದಿದ್ದರೆ ಆಗಲೇ ಹೇಳಿಬಿಡಿ, ಬೇರೆಯವರನ್ನು ಕೇಳಲು ಅವರಿಗೆ ಸಮಯ ಉಳಿಯುತ್ತದೆ.

ಮುಂದಿನ ವರ್ಷ ಗುಂಪು ಬೇರೆಯವರಿಗೆ ಹೋಗುವುದಾದರೆ ಯಾವುದನ್ನು ಹೊಸ ಟ್ಯೂಟರ್‌ಗೆ ತಿಳಿಸಬೇಕು ಎಂದು ವಿದ್ಯಾರ್ಥಿಯನ್ನೇ ಕೇಳಿ. ಕೆಲವರು ಎಲ್ಲವನ್ನೂ ಹೇಳಿ ಎನ್ನುತ್ತಾರೆ, ಕೆಲವರಿಗೆ ಹೊಸದಾಗಿ ಶುರುಮಾಡುವ ಆಸೆ ಇರುತ್ತದೆ. ಪರೀಕ್ಷಾ ಅನುಕೂಲಗಳ ಆದೇಶ, ಬಾಕಿ ಉಳಿದ ಬ್ಯಾಕ್‌ಲಾಗ್, ನಡುವೆ ನಿಂತ ಅರ್ಜಿಗಳು ಇಷ್ಟನ್ನಾದರೂ ಬರಹದಲ್ಲಿ ಹಸ್ತಾಂತರಿಸಿ. ಉಳಿದ ಟಿಪ್ಪಣಿಗಳನ್ನು ಎಷ್ಟು ಕಾಲ ಇಡಬೇಕು ಎಂದು ಸಂಸ್ಥೆಯ ನಿಯಮ ನೋಡಿ. ಅವಧಿ ಮುಗಿದವನ್ನು ಅಳಿಸಿಹಾಕಿ.